ಸಾಕೆಟ್ ಕೊಡಿ, ವೈರು ಕೊಡಬೇಡಿ

ನಾನು ಐಟಿಐ ಎಲೆಕ್ಟ್ರಿಷಿಯನ್. ದುಬೈಗೆ ಬಂದ ಮೇಲೆ ರಾತ್ರಿ ಹೊತ್ತು ಜಾವಾ ಕಲೀತಾ ಇದ್ದೀನಿ. ಕಲಿತದ್ದರಲ್ಲಿ ಏನಾದರೂ ಹೇಳು ಅಂದರು. ಪೆಟ್ಟು ತಿಂದು ಕಲಿತದ್ದನ್ನೇ ಹೇಳ್ತೀನಿ.

ರೂಮಿನವರ ಓವರ್‌ಟೈಮ್ ಲೆಕ್ಕಕ್ಕೆ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಗಂಟೆಗಳೆಲ್ಲ ಒಂದು ಅರೇಲಿಸ್ಟ್‌ನಲ್ಲಿ. ಕೇಳಿದವರಿಗೆ ಆ ಅರೇಲಿಸ್ಟನ್ನೇ ಎತ್ತಿ ಕೊಡೋಕೆ ಒಂದು ಮೆಥಡ್. ಮೆಥಡ್ ಅಂದ್ರೆ, ಹೆಸರು ಹಿಡಿದು ಕರೆದರೆ ಕೆಲಸ ಮಾಡಿ ಉತ್ತರ ಕೊಡೋ ಭಾಗ. ಒಂದ್ಸಲ ರಜಾದಿನದ ಗಂಟೆ ಬಿಟ್ಟು ಉಳಿದದ್ದನ್ನ ತೋರಿಸೋಣ ಅಂತ, ಆ ಪಟ್ಟಿ ತರಿಸಿಕೊಂಡು ರಜಾದಿನದ್ದನ್ನ ತೆಗೆದುಹಾಕಿದೆ. ತೆಗೆದದ್ದು ನಕಲಿನಿಂದಲ್ಲ, ಮೂಲದಿಂದಲೇ! ವಿಜಯಪುರದ ಅಣ್ಣನ 18 ಗಂಟೆ ಮಾಯ. ಅವರ ಸಂಬಳದ ಚೀಟಿಯಲ್ಲೂ ಅಷ್ಟೇ ಕಮ್ಮಿ ಬಂದಿತ್ತು. "ನಿನ್ನ ಕಂಪ್ಯೂಟರ್ರ ಹಂಗ ಹೇಳ್ತೈತಿ ಅಂದಮ್ಯಾಲ ಬಿಡೋ ತಮ್ಮಾ" ಅಂತ ಸುಮ್ಮನಾಗಿದ್ದರು. ಅವರ ಡೈರಿ ನೋಡಿದಾಗ ನನಗೆ ಬೆವರು ಬಿಚ್ಚಿತು.

ಸರಿಮಾಡೋಕೆ ಕೂತೆ. ಜಾವಾದಲ್ಲಿ ಅನ್‌ಮಾಡಿಫೈಯಬಲ್‌ಲಿಸ್ಟ್ ಅಂತ ಒಂದು ಮೆಥಡ್ ಇದೆ. ಅದು ಕೊಡೋ ಪಟ್ಟಿಯನ್ನ ಓದಬಹುದು, ಅಷ್ಟೇ. ಏನಾದರೂ ತೆಗೆಯೋಕೆ ಹೋದರೆ ಎಂಸಿಬಿ ಟ್ರಿಪ್ ಆದ ಹಾಗೆ ಅಲ್ಲೇ ಎರರ್. ಆದ್ರೆ ಅದು ಕೊಡೋದು ಲಿಸ್ಟ್ ಅನ್ನೋ ಇಂಟರ್‌ಫೇಸನ್ನ, ಅರೇಲಿಸ್ಟ್ ಅನ್ನೋ ಕ್ಲಾಸನ್ನಲ್ಲ. ನನ್ನ ಮೆಥಡ್ಡೋ, ಅರೇಲಿಸ್ಟೇ ಕೊಡ್ತೀನಿ ಅಂತ ಮಾತು ಕೊಟ್ಟಾಗಿತ್ತು. ಕರೆದ ಕಡೆಯೆಲ್ಲ ಅದನ್ನೇ ನಂಬಿ ಬರೆದಿದ್ದೆ. ಒಂದು ಸಾಲು ಬದಲಿಸಿದೆ, 23 ಕಡೆ ಕೆಂಪು ಗೆರೆ.

ನಮ್ಮ ಕಸುಬಿನಲ್ಲಿ ಇಂಥ ತಪ್ಪು ಮಾಡ್ತೀವಾ? ಇಲ್ಲಿ ರೂಮುಗಳಲ್ಲಿರೋದು ಮೂರು ಚಪ್ಪಟೆ ಪಿನ್ನಿನ 13 ಆಂಪ್ ಸಾಕೆಟ್. ಗೋಡೆ ಹಿಂದೆ ರಿಂಗ್ ಸರ್ಕ್ಯೂಟ್ ಇರಲಿ, ರೇಡಿಯಲ್ ಇರಲಿ, ರೈಸ್ ಕುಕ್ಕರಿಗೆ ಗೊತ್ತೇ ಆಗಲ್ಲ. ನಾಳೆ ಒಳಗಿನ ಕೇಬಲ್ ಬದಲಿಸಿದರೂ ಅದೇ ಪ್ಲಗ್ ನಡೆಯುತ್ತೆ. ಕುಕ್ಕರಿನ ವೈರನ್ನ ಒಳಗಿನ ಕೇಬಲ್ಲಿಗೇ ಸುತ್ತಿ ಟೇಪ್ ಹಾಕಿದ್ದರೆ ಮನೆಮನೆಗೂ ಹೋಗಿ ಟೇಪ್ ಬಿಚ್ಚಬೇಕಿತ್ತು. ನಾನು 23 ಟೇಪ್ ಬಿಚ್ಚಿದೆ. ಲಿಸ್ಟ್ ಅಂತ ಮೊದಲೇ ಬರೆದಿದ್ದರೆ ಒಳಗೆ ಅರೇಲಿಸ್ಟ್ ಇಟ್ಟುಕೊಂಡೇ ಬೀಗ ಹಾಕಿದ ಪಟ್ಟಿ ಕೊಡಬಹುದಿತ್ತು.

ಸಾಕೆಟ್ಟಿಗೂ ಒಂದು ಮಿತಿ ಇದೆ. ಉದ್ದನೆಯ ತೆಳು ಕೇಬಲ್ಲಿನ ಕೊನೆಯಲ್ಲಿದ್ದರೆ ವೋಲ್ಟೇಜ್ ಡ್ರಾಪ್ ಆಗುತ್ತೆ, ಮುಖ ನೋಡಿದರೆ ತಿಳಿಯಲ್ಲ. ಲಿಂಕ್ಡ್‌ಲಿಸ್ಟೂ ಲಿಸ್ಟೇ. ಆದ್ರೆ ಐದು ಸಾವಿರನೇದು ಕೊಡು ಅಂದರೆ ಒಂದು ತುದಿಯಿಂದ ಒಂದೊಂದೇ ದಾಟಿಕೊಂಡು ಬರುತ್ತೆ. ಅರೇಲಿಸ್ಟ್ ನೇರ ಅಲ್ಲಿಗೇ ಕೈ ಹಾಕುತ್ತೆ. ಇನ್ನು ಕ್ಲಾಸಿನ ಒಳಗೇ ಬಳಸೋ ಖಾಸಗಿ ಮೆಥಡ್ಡಿಗೆ ಈ ಮಡಿ ಬೇಕಿಲ್ಲ. ನಮ್ಮದೇ ಡಿಬಿ ಬಾಕ್ಸ್, ನಾವೇ ತೆರೀತೀವಿ.

ಅಣ್ಣ ಮಾರನೇ ದಿನ ಡೈರಿ ಹಿಡಿದು ಆಫೀಸಿಗೆ ಹೋದರು. 18 ಗಂಟೆ ಮುಂದಿನ ಸಂಬಳದಲ್ಲಿ ಬಂತು. ಪ್ರೋಗ್ರಾಂ ಈಗ ಸರಿಯಾಗಿದೆ. ಅಣ್ಣ ಮಾತ್ರ ಡೈರಿ ಬರೆಯೋದು ಬಿಟ್ಟಿಲ್ಲ.