ಮಣ್ಣು ಮೊದಲು ಗಟ್ಟಿಯಾಗಲಿ, ಕುರಿ ಆಮೇಲೆ ಬರಲಿ

ಮಕ್ಕಳೇ, ನಮ್ಮ ಹಳ್ಳಿಗಳಲ್ಲಿ ಗೋಮಾಳ ಅಂತ ಇರುತ್ತದಲ್ಲ? ಅಲ್ಲಿ ಯಾರೂ ಉಳುವುದಿಲ್ಲ, ಬಿತ್ತುವುದಿಲ್ಲ. ತಾನಾಗಿ ಬೆಳೆದ ಹುಲ್ಲನ್ನು ದನ, ಕುರಿ ಮೇಯುತ್ತವೆ, ಅಷ್ಟೆ. ಅಂಥದೇ ಒಂದು ಮೇವಿನ ನೆಲಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಬನ್ನಿ. ಅದಿರುವುದು ತುಂಬ ದೂರ, ಅಮೆರಿಕದ ಯೂಟಾ ರಾಜ್ಯದಲ್ಲಿ, ಸುಮಾರು 3,000 ಮೀಟರ್ ಎತ್ತರದಲ್ಲಿ. ಹೆಸರು ವಾಸಾಚ್ ಪ್ರಸ್ಥಭೂಮಿ.

ಚಳಿಗಾಲ ಪೂರ್ತಿ ಅಲ್ಲಿ ಹಿಮ. ಬೇಸಿಗೆ ಬಂತೆಂದರೆ ಹಿಮ ಕರಗಿ, ಬೆಟ್ಟದ ತುಂಬ ಹುಲ್ಲು, ಹೂಬಿಡುವ ಗಿಡಗಳು. ಆಗ ಕೆಳಗಿನ ಕಣಿವೆಯಿಂದ ಕುರಿ, ದನಗಳು ಮೇಲೆ ಹತ್ತಿ ಬರುತ್ತವೆ. ನಾವು ಮಾತ್ರ ಹೂವು ನೋಡೋದು ಬೇಡ. ಬಗ್ಗಿ ಕಾಲ ಕೆಳಗಿನ ಮಣ್ಣು ನೋಡೋಣ.

ಮೇಲ್ಗಡೆ ತೆಳ್ಳಗೆ ಕಪ್ಪು ಮಣ್ಣು. ಸತ್ತ ಬೇರು, ಎಲೆಗಳು ಕೊಳೆತು ಕೊಳೆತು ಬಂದ ಬಣ್ಣ ಅದು. ಅದರ ಕೆಳಗೆ ಕೈಗೆ ಅಂಟುವ ಜೇಡಿ. ಮರಳಿನ ಕಣ ನಿಮ್ಮ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಜೇಡಿಯ ಕಣ ಕಾಣುವುದೇ ಇಲ್ಲ. ಅದರ ಅಳತೆ 0.002 ಮಿಲಿಮೀಟರ್‌ಗಿಂತಲೂ ಕಡಿಮೆ. ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಗೆರೆಯಿಂದ ಮುಂದಿನ ಗೆರೆಗೆ ಎಷ್ಟು ಜಾಗ ನೋಡಿ. ಅಷ್ಟರಲ್ಲಿ ಅಂಥ ಕಣಗಳನ್ನು ಸಾಲಾಗಿ ಇಡಬೇಕೆಂದರೆ 500ಕ್ಕೂ ಹೆಚ್ಚು ಬೇಕು!

ಈ ಕಣ ಗುಂಡಗೂ ಇಲ್ಲ. ಚಪ್ಪಟೆ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ನಿಮ್ಮ ನೋಟ್‌ಬುಕ್ ಯಾವಾಗಲಾದರೂ ಮಳೆಯಲ್ಲಿ ನೆನೆದಿದೆಯಾ? ಹಾಳೆ ಹಾಳೆಯ ನಡುವೆ ನೀರು ಹೊಕ್ಕು, ಪುಸ್ತಕ ದಪ್ಪಗೆ ಉಬ್ಬಿಕೊಳ್ಳುತ್ತದೆ. ಕೆಲವು ಜಾತಿಯ ಜೇಡಿ ಮಾಡುವುದೂ ಹೀಗೇ. ನೀರು ಹೊಕ್ಕಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಳೆಗಳು ಎಷ್ಟು ತೆಳು ಅಂದರೆ, ಅಂಥ ಒಂದೇ ಒಂದು ಗ್ರಾಂ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 600 ಚದರ ಮೀಟರ್‌ಗೂ ಹೆಚ್ಚು ಜಾಗ ತುಂಬೀತು. ಅಷ್ಟು ದೊಡ್ಡ ಹಾಸಿನ ಮೇಲೆಲ್ಲ ನೀರು ಅಂಟಿಕೊಳ್ಳಬಹುದು. ಜೇಡಿಮಣ್ಣು ಅಷ್ಟೊಂದು ನೀರು ಹಿಡಿದಿಡುವುದು ಹೇಗೆ ಅಂತ ಈಗ ಗೊತ್ತಾಯಿತಲ್ಲ?

ಧಾರವಾಡ, ವಿಜಯಪುರದ ಕಡೆಯ ಮಕ್ಕಳಿಗೆ ಇದೇನು ಹೊಸದಲ್ಲ ಬಿಡಿ. ಅವರ ಎರೆಭೂಮಿಯಲ್ಲೂ ಉಬ್ಬಿ ಕುಗ್ಗುವ ಇಂಥದೇ ಜೇಡಿ ಇದೆ. ಬೇಸಿಗೆಯಲ್ಲಿ ಆ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ.

ಆದರೆ ಎರೆಭೂಮಿ ಬಯಲು. ಅಷ್ಟು ಎತ್ತರದ ಬೆಟ್ಟಕ್ಕೆ ಜೇಡಿ ಹತ್ತಿದ್ದು ಹೇಗೆ? ಅದು ಹತ್ತಲೇ ಇಲ್ಲ, ಅದಿದ್ದ ನೆಲವೇ ಮೇಲೆದ್ದಿತು. ಸುಮಾರು 6-7 ಕೋಟಿ ವರ್ಷಗಳ ಹಿಂದೆ ಅಲ್ಲಿ ಹೊಳೆಗಳು, ಕೆರೆಗಳು ಇದ್ದವು. ಅವುಗಳ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಆ ಕಲ್ಲಿನಲ್ಲಿ ಅಲಮೋಸಾರಸ್ ಎಂಬ ದೈತ್ಯ ಡೈನೋಸಾರಿನ ಮೂಳೆಗಳೂ ಸಿಕ್ಕಿವೆ! ಆಮೇಲೆ ನೆಲ ನಿಧಾನವಾಗಿ ಮೇಲೆದ್ದಿತು, ಕಲ್ಲು ಸವೆಯಿತು, ಹಳೆಯ ಕೆಸರು ಮತ್ತೆ ಜೇಡಿಯಾಗಿ ಹೊರಬಂತು.

ಇನ್ನು ಕುರಿಗಳ ವಿಷಯಕ್ಕೆ ಬರೋಣ. ನೂರಮೂವತ್ತು ವರ್ಷಗಳ ಹಿಂದೆ ಆ ಬೆಟ್ಟದ ಮೇಲೆ ಲೆಕ್ಕವಿಲ್ಲದಷ್ಟು ಕುರಿಗಳನ್ನು ಬಿಟ್ಟರು. ಮೇಲೇಳುವ ದೂಳನ್ನು ನೋಡಿಯೇ ಕಣಿವೆಯ ಜನ ಎಷ್ಟು ಹಿಂಡುಗಳಿವೆ ಎಂದು ಎಣಿಸುತ್ತಿದ್ದರಂತೆ. ಹುಲ್ಲು ಬುಡದವರೆಗೂ ಖಾಲಿಯಾಯಿತು. ಜೇಡಿ ಬಯಲಿಗೆ ಬಿತ್ತು.

ಬರಿಯ ಜೇಡಿಯ ಮೇಲೆ ಜೋರು ಮಳೆ ಬಿದ್ದರೆ ಏನಾಗುತ್ತದೆ, ನಿಧಾನವಾಗಿ ಊಹಿಸಿಕೊಳ್ಳಿ. ಹನಿಯ ಹೊಡೆತಕ್ಕೆ ಮೇಲಿನ ಮಣ್ಣಿನ ಹೆಂಟೆ ಒಡೆದು ಪುಡಿಯಾಗುತ್ತದೆ. ಆ ಪುಡಿ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಒದ್ದೆಯಾದ ಹಾಳೆಗಳು ಉಬ್ಬಿ, ಉಳಿದ ಸಂದೂ ಮುಚ್ಚಿಹೋಗುತ್ತದೆ. ಮುಂದಿನ ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ, ಇಳಿಜಾರಿನಲ್ಲಿ ಓಡಲೇಬೇಕು. ಓಡುವಾಗ ಮಣ್ಣನ್ನೂ ಕರೆದುಕೊಂಡೇ ಹೋಗುತ್ತದೆ. ಕೆಳಗಿದ್ದ ಮ್ಯಾಂಟೈ ಊರಿನ ಬೀದಿಗಳಿಗೆ ಕೆಸರಿನ ಪ್ರವಾಹ ಮತ್ತೆ ಮತ್ತೆ ನುಗ್ಗಿತು. ಜನರೇ ಸರ್ಕಾರಕ್ಕೆ ದೂರು ಕೊಟ್ಟರು. 1903ರಲ್ಲಿ ಬೆಟ್ಟವನ್ನು ಮೀಸಲು ಅರಣ್ಯ ಮಾಡಿದರು.

ಕುರಿ ಓಡಿಸಿದರೆ ಹುಲ್ಲು ತಾನೇ ಬರುತ್ತದಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ತೆಳ್ಳಗಿನ ಕಪ್ಪು ಮಣ್ಣು ಅಷ್ಟರಲ್ಲಿ ಕೊಚ್ಚಿಹೋಗಿತ್ತು. ಉಳಿದ ಜೇಡಿ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿ, ಮೊಳಕೆ ತಲೆ ಎತ್ತಲಾರದು. ಎತ್ತಿದರೂ ಚಳಿಯ ರಾತ್ರಿ ಒದ್ದೆ ಮಣ್ಣಿನೊಳಗೆ ನೀರು ಮಂಜುಗಡ್ಡೆಯಾಗಿ ಮೇಲೇಳುತ್ತದೆ, ಎಳೆ ಸಸಿಯನ್ನು ಬೇರುಸಮೇತ ಎತ್ತಿ ಒಗೆಯುತ್ತದೆ!

1912ರಲ್ಲಿ ಈಫ್ರೇಮ್ ಊರಿನ ಮೇಲಿನ ಕಣಿವೆಯಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಆರ್ಥರ್ ಸ್ಯಾಂಪ್ಸನ್. ಬೆಟ್ಟದ ತುದಿಯಲ್ಲಿ ಸುಮಾರು ಹತ್ತು ಹತ್ತು ಎಕರೆಯ ಎರಡು ಇಳಿಜಾರುಗಳನ್ನು ಆರಿಸಿ, ಬುಡದಲ್ಲಿ ತೊಟ್ಟಿ ಕಟ್ಟಿದರು. ಹರಿದುಬಂದ ನೀರೆಷ್ಟು, ಮಣ್ಣೆಷ್ಟು ಎಂದು ಅಳೆಯುವುದಕ್ಕೆ. ಒಂದರಲ್ಲಿ ನೂರು ಪಾಲು ನೆಲಕ್ಕೆ ಸುಮಾರು 16 ಪಾಲು ಮಾತ್ರ ಹಸಿರು, ಇನ್ನೊಂದರಲ್ಲಿ 40 ಪಾಲು. ಹಸಿರು ಕಡಿಮೆ ಇದ್ದ ಇಳಿಜಾರಿನಿಂದ ಹಲವು ಪಟ್ಟು ಹೆಚ್ಚು ಮಣ್ಣು ಬಂತು. ಆಮೇಲೆ ಅಲ್ಲಿಯೂ ಗಿಡ ಬೆಳೆಯಲು ಬಿಟ್ಟರು, ಬರುವ ಮಣ್ಣು ತಗ್ಗಿತು. ನನಗೆ ಈ ಪ್ರಯೋಗ ಬಹಳ ಇಷ್ಟ. ದೊಡ್ಡ ಯಂತ್ರ ಯಾವುದೂ ಇಲ್ಲ, ಬೇಕಾದದ್ದು ತೊಟ್ಟಿ, ಅಳತೆಕೋಲು ಮತ್ತು ವರ್ಷಗಟ್ಟಲೆ ಕಾಯುವ ತಾಳ್ಮೆ.

ಸ್ಯಾಂಪ್ಸನ್ ಒತ್ತಿ ಹೇಳಿದ್ದು ಕಾಲದ ಬಗ್ಗೆ. ಹಿಮ ಕರಗಿದ ಕೂಡಲೇ ಕುರಿ ಹತ್ತಿಸಬೇಡಿ. ಆಗ ಜೇಡಿ ಮೆತ್ತಗಿರುತ್ತದೆ. ಗೊರಸು ಊರಿದಲ್ಲೆಲ್ಲ ಕುಳಿ ಬೀಳುತ್ತದೆ, ನಮ್ಮ ನೆನೆದ ನೋಟ್‌ಬುಕ್ಕಿನ ಹಾಳೆಗಳು ಒತ್ತಿಕೊಂಡು, ಗಾಳಿ ಆಡುವ ಸಂದು ಮಾಯವಾಗುತ್ತದೆ. ಅದೇ ಮಣ್ಣು ಒಣಗಿದರೆ ಕುಳಿಗಳು ಹಾಗೇ ಬಿರುಸಾಗಿ ಉಳಿಯುತ್ತವೆ. ಅದಕ್ಕೇ ಮಣ್ಣು ಗೊರಸನ್ನು ತಾಳುವಷ್ಟು ಗಟ್ಟಿಯಾಗುವ ತನಕ, ಹುಲ್ಲು ಒಂದಿಷ್ಟು ಬೆಳೆಯುವ ತನಕ ಕಾಯಬೇಕು. ಇಂದಿಗೂ ಅಲ್ಲಿನ ಅರಣ್ಯ ಸಿಬ್ಬಂದಿ ಮಂದೆ ಬಿಡುವ ಮುಂಚೆ ಇವೆರಡನ್ನೂ ನೋಡುತ್ತಾರೆ.

ಕುರಿಯೇ ಇಲ್ಲದಿದ್ದರೂ ಈ ಜೇಡಿ ಸುಮ್ಮನಿರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 1983ರ ಏಪ್ರಿಲ್‌ನಲ್ಲಿ, ತುಂಬ ಮಳೆ-ಹಿಮದ ಆ ವರ್ಷ, ಯೂಟಾದ ಥಿಸಲ್ ಎಂಬ ಪುಟ್ಟ ಊರಿನ ಹತ್ತಿರ ಜೇಡಿಯ ಬೆಟ್ಟವೇ ಜಾರಿತು. ನಿಧಾನವಾಗಿ ಜಾರಿ ನದಿಗೆ ಅಡ್ಡ ಕೂತಿತು. ಹಿಂದೆ ನೀರು ತುಂಬಿ ಊರು ಮುಳುಗಿತು. ಜನ ಮೊದಲೇ ಹೊರಬಂದಿದ್ದರು.

ಈಗ ನಿಮ್ಮ ಸರದಿ. ಹಿತ್ತಿಲಿನಿಂದ ಒಂದು ಹಿಡಿ ಮಣ್ಣು ತನ್ನಿ, ಕಲ್ಲು-ಕಡ್ಡಿ ತೆಗೆದು ನೀರು ಚಿಮುಕಿಸಿ ನಾದಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಗೆ ತಳ್ಳಿ. ಪಟ್ಟಿ ಮೂಡುವುದೇ ಇಲ್ಲ ಅಂದರೆ ನಿಮ್ಮದು ಮರಳು ಮಣ್ಣು. ಮುರಿಯದೆ 5 ಸೆಂಟಿಮೀಟರ್ ದಾಟಿ ಇಳಿಬಿದ್ದರೆ ಅದರಲ್ಲಿ ಜೇಡಿ ಬಹಳ ಇದೆ. ಮಣ್ಣಿನ ವಿಜ್ಞಾನಿಗಳೂ ಹೊಲದಲ್ಲಿ ನಿಂತು ಮೊದಲು ಮಾಡುವ ಪರೀಕ್ಷೆ ಇದೇ. ಆಮೇಲೆ ಕೈ ತೊಳೆಯುವಾಗ ನೋಡಿ, ಮರಳು ಥಟ್ಟನೆ ಉದುರುತ್ತದೆ, ಜೇಡಿಯನ್ನು ಬಿಡಿಸಲು ಉಜ್ಜಿ ಉಜ್ಜಿ ತೊಳೆಯಬೇಕಾಗುತ್ತದೆ.