ಹಬ್ಬದ ಅಡಿಗೆಯೂ ಮನೆಯ ಪಂಕ್ತಿಯೂ



ಹಬ್ಬವೆಂದರೇನೆಂದು ಪಂಡಿತರನ್ನು ಕೇಳಿದರೆ ತಿಥಿವಾರನಕ್ಷತ್ರಗಳ ಲೆಕ್ಕವನ್ನು ಹೇಳುವರು. ಮನೆಯ ಮಕ್ಕಳನ್ನು ಕೇಳಿದರೆ ಒಬ್ಬಟ್ಟು ಎನ್ನುವರು. ಮಕ್ಕಳ ಉತ್ತರವೇ ನಿಜಕ್ಕೆ ಹತ್ತಿರವಾದುದು. ಪಂಚಾಂಗವು ಹಬ್ಬದ ದಿನವನ್ನು ಗೊತ್ತುಮಾಡಬಲ್ಲುದೇ ಹೊರತು ಹಬ್ಬವನ್ನು ಮಾಡಲಾರದು. ಅದನ್ನು ಮಾಡತಕ್ಕವರು ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಒಲೆ ಹೊತ್ತಿಸುವವರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಗಳ ಮನೆಗಳಲ್ಲಿ ನೆಂಟರಿಷ್ಟರು ಕೂಡಿದಾಗ ಏನನ್ನು ಎಷ್ಟರಮಟ್ಟಿಗೆ ಅಡುವರು, ಮತ್ತು ಯಾರ ಕೈ ಅದನ್ನು ಅಡುವುದು ಎಂಬುದೇ ಈ ಉಪನ್ಯಾಸದ ವಿಷಯವಾಗಿದೆ. ವಿಷಯದ ಮೊದಲ ಭಾಗ ಸಿಹಿ, ಕೊನೆಯ ಭಾಗ ಸ್ವಲ್ಪ ಕಹಿ. ಬೇವನ್ನೂ ಬೆಲ್ಲವನ್ನೂ ಕೂಡಿಯೇ ತಿನ್ನುವ ಜನರಿಗೆ ಇದನ್ನು ವಿಶೇಷವಾಗಿ ಸಮರ್ಥಿಸಬೇಕಾಗಿಲ್ಲ.

ಈ ಸೀಮೆಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಅವುಗಳ ಒಲೆಗಳು ಒಂದೇ ಬಗೆಯವಲ್ಲ. ಹಿಂದೆ ಎಡತೊರೆಯೆನಿಸಿಕೊಂಡಿದ್ದ ಕೃಷ್ಣರಾಜನಗರದ ಸೀಮೆಯು ಕಾವೇರಿಯ ನಾಲೆಗಳಿಂದ ಭತ್ತದ ಕಣಜವೆಂದು ಹೆಸರಾಯಿತು. ಅಲ್ಲಿ ಹಬ್ಬದ ಮಾತು ಅಕ್ಕಿಯಿಂದ ಆರಂಭವಾಗುವುದು. ಹುಣಸೂರು, ಪಿರಿಯಾಪಟ್ಟಣಗಳ ಬೆದ್ದಲು ನೆಲದಲ್ಲಿ ರಾಗಿ, ಅವರೆ, ಅವುಗಳ ಜೊತೆಗೆ ಹೊಗೆಸೊಪ್ಪು. ಕೋಟೆಯ ಸೀಮೆಯಲ್ಲಿ ಕಾಡೂ ಕಪಿಲೆಯೂ ಉಂಟು. ಕಬಿನಿಯ ಅಣೆಕಟ್ಟು ೧೯೭೪ರಲ್ಲಿ ಮುಗಿದಾಗ ಅಲ್ಲಿಯ ಹಲವು ಹಳ್ಳಿಗಳು ನೀರಿನಡಿ ಸೇರಿದುವು. ಒಂದೇ ಕೇರಿಯಲ್ಲಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಲ್ಲಿ ನೆಲೆಸಬೇಕಾಯಿತು. ಅಂತಹ ಮನೆತನಗಳಿಗೆ ಹಬ್ಬದ ಊಟವು ಕೇವಲ ಊಟವಲ್ಲ. ಇಲ್ಲದ ಊರೊಂದು ಒಂದು ಹೊತ್ತಿನ ಮಟ್ಟಿಗೆ ಎಲೆಗಳ ಸಾಲಿನಲ್ಲಿ ಮರಳಿ ಕೂಡಿಬರುವ ಸಮಯ.

ಈ ಎಲ್ಲ ಕಡೆಯೂ ಸಮಾನವಾದುದು ಯುಗಾದಿಯ ಒಬ್ಬಟ್ಟು. ಉತ್ತರದ ಸೀಮೆಯವರು ಹೂರಣಕ್ಕೆ ಕಡಲೆಬೇಳೆಯನ್ನು ಬಳಸುವರು. ಮೈಸೂರು ಸೀಮೆಯಲ್ಲಿ ತೊಗರಿಬೇಳೆಗೇ ಪಟ್ಟ. ಬೇಳೆಯು ಬೆರಳ ನಡುವೆ ಹಿಸುಕಿದರೆ ಮೆತ್ತಗಾಗಬೇಕು, ಆದರೆ ನೀರಿನಲ್ಲಿ ಕರಗಿ ಹೋಗಬಾರದು. ಈ ಹದವನ್ನು ಗಡಿಯಾರವು ಹೇಳಲಾರದು, ಕುಕ್ಕರಿನ ಕೂಗೂ ಹೇಳಲಾರದು. ಆದಕಾರಣವೇ ಹಳೆಯ ಗೃಹಿಣಿಯರು ಒಬ್ಬಟ್ಟಿನ ಬೇಳೆಯನ್ನು ಬಾಯಗಲವಾದ ಪಾತ್ರೆಯಲ್ಲಿ ಬೇಯಿಸಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಬೆಂದ ಬೇಳೆಯ ಕಟ್ಟನ್ನು ಪೂರ್ತಿಯಾಗಿ ಬಸಿಯಬೇಕು. ಕಟ್ಟು ಉಳಿದರೆ ಬೆಲ್ಲ ಹಾಕಿದೊಡನೆ ಹೂರಣವು ನೀರಾಗುವುದು, ಲಟ್ಟಿಸುವಾಗ ಹೊಟ್ಟೆಯೊಡೆದು ಹೊರಬರುವುದು. ಒಂದು ಕಿಲೋ ಬೇಳೆಗೆ ಸರಿಸುಮಾರು ಒಂದು ಕಿಲೋ ಬೆಲ್ಲ. ಉಂಡೆಯು ದೊಡ್ಡದಾದರೆ ೪೦, ಚಿಕ್ಕದಾದರೆ ೫೦ ಒಬ್ಬಟ್ಟುಗಳು ಆಗುವುವು. ಬೆಲ್ಲದೊಡನೆ ಬೇಳೆಯನ್ನು ಮತ್ತೆ ಒಲೆಯ ಮೇಲಿಟ್ಟು, ಸೌಟು ನಿಲ್ಲುವಷ್ಟು ಗಟ್ಟಿಯಾದ ಮೇಲೆ ಇಳಿಸಿ, ಏಲಕ್ಕಿಯೊಡನೆ ಒರಳಿನಲ್ಲಿ ನುಣ್ಣಗೆ ರುಬ್ಬುವುದು. ಕಣಕದ ವಿಷಯದಲ್ಲಿ ಅವಸರವೇ ಶತ್ರು. ಚಿರೋಟಿ ರವೆಯನ್ನೋ ಮೈದಾಹಿಟ್ಟನ್ನೋ ಅರಿಸಿನ ಹಾಕಿ ಸಡಿಲವಾಗಿ ಕಲಸಿ, ಕೈ ಜಿಪುಣತನ ಮಾಡದೆ ಎಣ್ಣೆ ಸುರಿದು ನಾದಿ, ಎರಡು ಗಂಟೆಗೆ ಕಡಿಮೆಯಿಲ್ಲದೆ ನೆನೆಯಲು ಬಿಡಬೇಕು. ಚೆನ್ನಾಗಿ ನೆನೆದ ಕಣಕವು ರಬ್ಬರಿನಂತೆ ಎಳೆಯಲ್ಪಟ್ಟರೂ ಹರಿಯುವುದಿಲ್ಲ. ಒಬ್ಬಟ್ಟು ಒರಟಾಯಿತೆಂದು ಬೆಲ್ಲವನ್ನು ದೂಷಿಸುವವರು ಬಹಳ. ನೂರಕ್ಕೆ ತೊಂಬತ್ತು ಪಾಲು ತಪ್ಪು ಕಣಕದ್ದೇ ಆಗಿರುವುದು.

ಬಸಿದ ಕಟ್ಟು ವ್ಯರ್ಥವಾಗುವುದಿಲ್ಲವೆಂಬುದು ಈ ಅಡಿಗೆಯ ಜಾಣತನ. ಅದಕ್ಕೆ ಹಿಡಿಯಷ್ಟು ಹೂರಣವನ್ನು ಕದಡಿ, ಹುಣಿಸೆಹುಳಿ, ಸಾರಿನ ಪುಡಿ, ಕಾಯಿತುರಿಯ ಮಸಾಲೆ ಸೇರಿಸಿ ಕುದಿಸಿದರೆ ಒಬ್ಬಟ್ಟಿನ ಸಾರಾಗುವುದು. ಸಿಹಿ, ಹುಳಿ, ಖಾರ ಮೂರೂ ಅದರಲ್ಲಿ ಒಂದರೊಡನೊಂದು ಜಗಳವಾಡದೆ ಇರುವುವು. ಬಿಸಿಯಾಗಿರುವಾಗ ಅದು ಸಾಮಾನ್ಯ ಸಾರು. ಮಾರನೆಯ ದಿನ ಮತ್ತೊಮ್ಮೆ ಕುದಿಸಿದಾಗಲೇ ಅದರ ನಿಜವಾದ ಗುಣ ತಿಳಿಯತಕ್ಕದ್ದು. ಹಬ್ಬಕ್ಕೆ ಬಂದ ನೆಂಟರು ಒಂದು ರಾತ್ರಿ ಹೆಚ್ಚಿಗೆ ಉಳಿದುಕೊಳ್ಳುವುದಕ್ಕೆ ಅನೇಕ ಕಾರಣಗಳನ್ನು ಹೇಳುವರಾದರೂ, ಮುಖ್ಯ ಕಾರಣವು ಒಲೆಯ ಪಕ್ಕದ ಆ ಪಾತ್ರೆಯಲ್ಲಿರುವುದುಂಟು.

ಯುಗಾದಿಗೆ ಇಷ್ಟು ದೊಡ್ಡ ಅಡಿಗೆಯು ಸಾಧ್ಯವಾಗುವುದಕ್ಕೆ ಹೊಲದ ಅನುಕೂಲವೂ ಸೇರಿದೆ. ಆಗ ಸುಗ್ಗಿ ಮುಗಿದು ಕೈ ತಕ್ಕಮಟ್ಟಿಗೆ ಬಿಡುವಾಗಿರುವುದು. ಗೌರೀಗಣೇಶರ ಹಬ್ಬದ ಸ್ಥಿತಿಯೇ ಬೇರೆ. ಭಾದ್ರಪದದ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ಕಡೆ ಹೊಗೆಸೊಪ್ಪಿನ ಎಲೆ ಮುರಿಯುವ ಕಾಲ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲಿರುಳೂ ಬೆಂಕಿಯ ಹದವು ಕೆಡಬಾರದು. ಎಲೆ ಕಟ್ಟುವ ಕೆಲಸದಲ್ಲಿ ಹೆಂಗಸರ ಪಾಲೇ ದೊಡ್ಡದು. ಹೀಗೆ ಹಗಲೆಲ್ಲ ಎಲೆಯ ಅಂಟನ್ನು ಕೈಗೆ ಬಳಿದುಕೊಂಡವಳು ಸಂಜೆ ಕೈ ತಿಕ್ಕಿ ತೊಳೆದು, ಗೌರಿಗೆ ಕಡುಬು, ತಂಬಿಟ್ಟು, ಚಿಗಳಿಗಳನ್ನು ಮಾಡಿ, ಮೊರದ ಬಾಗಿನವನ್ನು ಅಣಿಮಾಡತಕ್ಕದ್ದು. ತಂಬಿಟ್ಟು ಚಿಗಳಿಗಳು ನಾಲ್ಕು ದಿನ ಮುಂಚೆ ಮಾಡಿಟ್ಟರೂ ಕೆಡುವಂಥವಲ್ಲ. ಪೂರ್ವಿಕರು ಈ ಹಬ್ಬಕ್ಕೆ ಅವನ್ನು ಗೊತ್ತುಮಾಡಿದುದರಲ್ಲಿ ಭಕ್ತಿಯಂತೆಯೇ ವಿವೇಕವೂ ಇದೆ. ಅಂತಹ ವಾರದಲ್ಲಿ ಹೊಟ್ಟೆತುಂಬ ಒಬ್ಬಟ್ಟು ಬೇಕೆಂದು ಹಟ ಹಿಡಿಯುವ ಯಜಮಾನನು ತಾನೇ ಒರಳಿನ ಮುಂದೆ ಕುಳಿತು ರುಬ್ಬಿಕೊಡುವುದು ಯುಕ್ತ.

ಸಂಕ್ರಾಂತಿಯ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಬೇಯಿಸಿದ ಅವರೆಕಾಯಿ ಗೆಣಸುಗಳನ್ನು ತಾಯಂದಿರಿಗೆ ವಿವರಿಸಹೊರಡುವುದು ಗುರುವಿಗೇ ಪಾಠ ಹೇಳಿದಂತೆ. ಸೊಗಡಿನ ಅವರೆಯ ಬಗೆಗೆ ಮಾತ್ರ ಒಂದು ಮಾತು. ಹಿದುಕಿದ ಬೇಳೆಯ ಸಾರು ಒಬ್ಬರ ಕೈಯಿಂದ ಆಗುವ ಅಡಿಗೆಯಲ್ಲ. ಕಾಳನ್ನು ಮುನ್ನಾ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮನೆಯವರೆಲ್ಲ ಸುತ್ತ ಕುಳಿತು ಒಂದೊಂದನ್ನೇ ಹಿದುಕಬೇಕು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಯಾರಿಗೂ ವಿನಾಯಿತಿಯಿಲ್ಲ. ಮನೆತನದ ಹಳೆಯ ಕಥೆಗಳೆಲ್ಲ ಮಕ್ಕಳ ಕಿವಿಗೆ ಬೀಳುವುದು ಆ ಹೊತ್ತಿನಲ್ಲಿಯೇ.

ಇನ್ನು ಎಷ್ಟು ಅಡಬೇಕೆಂಬ ವಿಚಾರ. ಅಳತೆಗಳ ಕಾಯಿದೆ ೧೯೫೬ರಲ್ಲಿ ಬಂದು ಅಂಗಡಿಯ ಸೇರು ಹೋಗಿ ಕಿಲೋ ಬಂದರೂ ಅಡಿಗೆಮನೆಯ ಪಾವು ಹೋಗಲಿಲ್ಲ. ಸಾಮಾನ್ಯ ದಿನ ಪಾವು ಅಕ್ಕಿಯು ಇಬ್ಬರಿಗೆ ಎಂಬುದು ವಾಡಿಕೆಯ ಲೆಕ್ಕ. ಒಬ್ಬಟ್ಟಿನ ದಿನ ಅನ್ನವು ಕಡಿಮೆ ಸಾಗುವುದರಿಂದ ಅದೇ ಪಾವು ಮೂವರಿಗೆ ಸಾಕು. ಮೂವತ್ತು ಎಲೆಗಳಿಗೆ ಹತ್ತು ಪಾವು, ಎಂದರೆ ಎರಡೂವರೆ ಸೇರು. ಆದರೆ ನೆಂಟರ ಮುಂದೆ ಕಡಿಮೆಯಾದೀತೆಂಬ ಭಯದಿಂದ ಐದು ಸೇರು ಹಾಕುವುದು, ಪಲ್ಯ ಎರಡಿದ್ದಲ್ಲಿ ಐದು ಮಾಡುವುದು, ಅದಕ್ಕಾಗಿ ಸಾಲ ತರುವುದು, ಕೊನೆಗೆ ಹಳಸಿದ ಅನ್ನವನ್ನು ತಿಪ್ಪೆಗೆ ಚೆಲ್ಲುವುದು, ಇವೆಲ್ಲ ಈಚೆಗೆ ಹೆಚ್ಚುತ್ತಿವೆ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡಸುತ್ತಿದ್ದುದು ಎಲ್ಲರಿಗೂ ವಿದಿತವೇ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಕಳುಹಿದಳು. ಮನೆಗೆ ಬಂದ ಧಾನ್ಯವನ್ನು ಹಿಂದಕ್ಕೆ ಕಳುಹಿಸುವುದು ಎಷ್ಟು ಕಠಿನವೆಂಬುದು ಬಡತನ ಕಂಡವರಿಗೇ ಗೊತ್ತು. ಆ ಮನೆಯಲ್ಲಿ ಅತಿಥಿಗಳಿಗೆ ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಅಳತೆಯನ್ನು ಗೊತ್ತುಮಾಡಿದವಳು ಅಡುವವಳೇ ಎಂಬುದನ್ನೂ ಇಲ್ಲಿ ಗಮನಿಸತಕ್ಕದ್ದು.

ಹಬ್ಬಕ್ಕೆಂದು ಅಟ್ಟದಿಂದ ಇಳಿಸುವ ತಾಮ್ರ ಹಿತ್ತಾಳೆಗಳ ಪಾತ್ರೆಗಳ ಬಗೆಗೆ ಒಂದು ಎಚ್ಚರಿಕೆ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿಯನ್ನು ಕುದಿಸಿದರೆ ತಾಮ್ರವು ಕರಗಿ ಅಡಿಗೆಯು ವಿಷವಾಗುವುದು; ವಾಂತಿ, ಹೊಟ್ಟೆನುಲಿತಗಳು ತಪ್ಪುವುದಿಲ್ಲ. ಕಲಾಯಿಗಾರರು ಊರೂರು ತಿರುಗುತ್ತಿದ್ದ ಕಾಲದಲ್ಲಿ ಇದನ್ನು ಹೇಳಬೇಕಾಗಿರಲಿಲ್ಲ. ಈಗ ಅವರು ಅಪರೂಪವಾಗಿರುವುದರಿಂದ, ಕಲಾಯಿಯಿಲ್ಲದ ಪಾತ್ರೆಯನ್ನು ನೀರು ಕಾಯಿಸುವುದಕ್ಕೆ ಬಿಟ್ಟು ಸಾರಿಗೆ ಉಕ್ಕಿನದನ್ನು ಬಳಸುವುದು ಲೇಸು.

ಬಂಧುಗಳಂತೆಯೇ ಸ್ನೇಹಿತರೂ ಹಬ್ಬಕ್ಕೆ ಬರುವವರಷ್ಟೆ. ಹಿಂದೆ ಅನ್ಯ ಕುಲದ ಗೆಳೆಯನಿಗೆ ಅಕ್ಕಿ, ಬೇಳೆ, ಬೆಲ್ಲಗಳ ಪಡಿಯನ್ನು ಕೊಟ್ಟು, ನಿನ್ನ ಮನೆಯಲ್ಲಿಯೇ ಅಡಿಸಿ ಉಣ್ಣು ಎಂದು ಕಳುಹುತ್ತಿದ್ದರು. ಅದರಲ್ಲಿ ಮರ್ಯಾದೆಯಿತ್ತು, ಅದರ ಬೆನ್ನಿಗೇ ಒಂದು ಗೋಡೆಯೂ ಇತ್ತು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದನೆಂಬ ಕಥೆಯನ್ನು ಕಣ್ಣೀರಿಟ್ಟು ಕೇಳುವ ಮನೆಯಲ್ಲಿ ಎರಡು ಪಂಕ್ತಿಗಳು ಇರತಕ್ಕದ್ದಲ್ಲ. ಕೃಷ್ಣರಾಜನಗರದ ಸೀಮೆಯ ಕಪ್ಪಡಿಯಲ್ಲಿ ಶಿವರಾತ್ರಿಯ ಜಾತ್ರೆಗೆ ಬಂದ ಒಕ್ಕಲುಗಳು ಕಾವೇರಿಯ ದಡದಲ್ಲಿಯೇ ಒಲೆ ಹೂಡಿ ಅಡಿಗೆಮಾಡಿ ಪಂಕ್ತಿಸೇವೆ ನಡಸುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ನೆರೆಯವರ ಅಡಿಗೆ ಬೇರೆಯಾಗಿರಬಹುದು. ಹಿಂದಿನ ದಿನದ ಒಬ್ಬಟ್ಟಿಗೆ ಅವರನ್ನು ಕರೆಯುವುದಕ್ಕೆ ಅದು ಅಡ್ಡಿಯಲ್ಲ. ೧೯೬೧ರಲ್ಲಿ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ನೆಲೆಗೊಳಿಸಲ್ಪಟ್ಟ ಟಿಬೆಟ್ಟಿನ ಜನರು ತಮ್ಮ ಹೊಸ ವರ್ಷವಾದ ಲೋಸರಿಗೆ ಹಿಟ್ಟನ್ನು ಬಗೆಬಗೆಯ ಆಕಾರಗಳಲ್ಲಿ ಕರಿದು ಖಾಪ್ಸೆ ಎಂಬ ತಿಂಡಿಯನ್ನು ಮಾಡುವರು. ತಟ್ಟೆಯಲ್ಲಿಟ್ಟು ತೋರಿಸಿದರೆ ಈ ಕಡೆಯ ಅಜ್ಜಿಯು ಅದನ್ನು ಕಜ್ಜಾಯದ ದಾಯಾದಿಯೆಂದು ಕೂಡಲೆ ಗುರುತಿಸಿಯಾಳು.

ಇನ್ನು ಕಹಿಯ ಭಾಗ. ಮಠಗಳ ದಾಸೋಹದಲ್ಲಿ ಸಾವಿರಾರು ಜನರಿಗೆ ಅಡುವವರು ಬಹುಮಟ್ಟಿಗೆ ಗಂಡಸರು. ಕೊಪ್ಪರಿಗೆಯನ್ನು ಎತ್ತುವರು, ತರಕಾರಿ ಹೆಚ್ಚುವರು, ಬಡಿಸುವರು, ಎಂಜಲೆಲೆಯನ್ನು ತೆಗೆಯುವರು. ಅದನ್ನು ಸೇವೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುವರು. ಅದೇ ಭಕ್ತನು ಮನೆಗೆ ಹೋದೊಡನೆ ಜಗಲಿಯ ಮೇಲೆ ಕುಳಿತು ಕುಡಿಯುವ ನೀರಿಗೂ ಕೂಗುವನು. ಮಠದ ಸೌಟು ಪವಿತ್ರವಾಗಿ, ಮನೆಯ ಸೌಟು ಹೆಂಗಸರ ಪಾಲಿನದಾಗುವುದು ಯಾವ ಶಾಸ್ತ್ರದಿಂದ? ಮೂವತ್ತು ಜನ ಉಂಡು ಎದ್ದ ಮೇಲೆ, ಮೂರನೆಯ ಪಂಕ್ತಿಯಲ್ಲಿ, ಅಡಿಗೆಮನೆಯ ಮೂಲೆಯಲ್ಲಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಬಳಿದು ಉಣ್ಣುವ ಸೊಸೆಯ ಹಬ್ಬವನ್ನು ಯಾವ ಪಂಚಾಂಗದಲ್ಲಿ ಹುಡುಕುವುದು? ತವರಿಗೆ ಬಂದ ಮಗಳು ಎರಡು ದಿನ ಕುಳಿತು ಉಂಡರೆ ಸಂತೋಷಪಡುವ ತಾಯಿಯೇ, ಸೊಸೆಯು ಮೊದಲ ಪಂಕ್ತಿಯಲ್ಲಿ ಕುಳಿತರೆ ಹುಬ್ಬು ಗಂಟಿಕ್ಕುವುದುಂಟು. ಈ ಮಾತು ಗಂಡಸರಿಗೆ ಮಾತ್ರವಲ್ಲ.

ಈ ಆಯಾಸದ ಫಲವಾಗಿಯೇ ಪಟ್ಟಣಗಳಲ್ಲಿ ಒಬ್ಬಟ್ಟನ್ನು ಅಂಗಡಿಯಿಂದ ತರಿಸುವುದೂ, ದೊಡ್ಡ ಊಟವನ್ನು ಅಡಿಗೆಯ ಕಂಟ್ರಾಕ್ಟಿನವರಿಗೆ ಒಪ್ಪಿಸುವುದೂ ಬೆಳೆದಿವೆ. ಇದನ್ನು ಹಿರಿಯರು ನಿಂದಿಸುವರು. ನಿಂದಿಸುವ ಮೊದಲು, ಆ ಒಬ್ಬಟ್ಟನ್ನು ತಟ್ಟಬೇಕಾಗಿದ್ದ ಕೈಗೆ ತಾವೆಂದಾದರೂ ಸಹಾಯ ಮಾಡಿದುದುಂಟೇ ಎಂದು ನೆನೆದುಕೊಳ್ಳುವುದು ನ್ಯಾಯ. ಹದವು ಪುಸ್ತಕದಿಂದ ಬರುವಂಥದಲ್ಲ. ಅತ್ತೆಯ ಕೈಯಿಂದ ಸೊಸೆಯ ಕೈಗೆ ನೋಡಿ ಬಂದುದು. ಆ ಕೈ ಬೇಸತ್ತು ನಿಂತರೆ ಮುಂದಿನ ತಲೆಮಾರಿಗೆ ಕಟ್ಟು ಎಂದರೆ ಏನೆಂಬುದೇ ತಿಳಿಯದು.

ಬರುವ ಯುಗಾದಿಗೆ ಮಾಡಬಹುದಾದುದು ಇಷ್ಟು. ಬೇಳೆ ಬೇಯಿಸಿ ಹದ ನೋಡುವ ಅಧಿಕಾರ ಮನೆಯ ಹಿರಿಯಳಿಗೆ ಇರಲಿ. ಕಾಯಿ ತುರಿಯುವುದು, ಹೂರಣ ರುಬ್ಬುವುದು, ನೀರು ಸೇದುವುದು, ಬಡಿಸುವುದು, ಎಲೆ ಎತ್ತುವುದು ಮನೆಯ ಗಂಡುಮಕ್ಕಳಿಗೆ ಸೇರಲಿ. ಪಾತ್ರೆ ತೊಳೆಯುವಲ್ಲಿ ಅಳಿಯಂದಿರಿಗೂ ಅವಕಾಶವುಂಟು. ಮೊದಲನೆಯ ಪಂಕ್ತಿಯಲ್ಲಿ ಮಕ್ಕಳೊಡನೆ ಅಡಿದವರಿಗೂ ಎಲೆ ಹಾಕಲಿ. ಅಷ್ಟು ಜಾಗವಿಲ್ಲದ ಮನೆಯಾದರೆ, ಯಾರೂ ಕೂರುವುದಕ್ಕೆ ಮೊದಲೇ ಅವರ ಪಾಲಿನ ಒಬ್ಬಟ್ಟು, ತುಪ್ಪಗಳನ್ನು ಒಂದು ಡಬ್ಬಿಯಲ್ಲಿ ತೆಗೆದು ನಾಗಂದಿಗೆಯ ಮೇಲೆ ಇರಿಸಲಿ.