ಮನೆಯಲ್ಲೇ ಹೊಲಿದ ನೃತ್ಯದ ಉಡುಪು: ಗಂಜಿ, ಕ್ಯಾನ್ವಾಸು, ಒಳಪಟ್ಟಿ

(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಸಂಘದ ಹೊಲಿಗೆ ತಂಡದ ಪರವಾಗಿ ಓದಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಹೊಲಿಗೆಯವರಿಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಮಗೂ ಹಾಗೇ ಅನ್ನಿಸಿತ್ತು. ಕಾರ್ಯದರ್ಶಿಗಳು ಬಂದು "ನೀವೂ ನಾಲ್ಕು ಮಾತು ಆಡಬೇಕು ಕಣ್ರಮ್ಮ" ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಭಾಷಣ ಮಾಡಿದವರು ಯಾರೂ ಇಲ್ಲ. ಆರು ಜನ ಕೂತು ಹೇಳಿದ್ದನ್ನು ಒಬ್ಬರು ಬರೆದುಕೊಂಡರು, ಇನ್ನೊಬ್ಬರು ಓದುತ್ತಿದ್ದಾರೆ. ಅದಕ್ಕೇ ಇದರಲ್ಲಿ 'ನಾನು' ಎಂಬುದು ಬರುವುದಿಲ್ಲ. ಮಾತು ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ಕೆಲಸ ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ನೃತ್ಯದ ಉಡುಪನ್ನು ಪೇಟೆಯಿಂದ ಬಾಡಿಗೆಗೆ ತರುವುದು ರೂಢಿಯಾಗಿತ್ತು. ಒಂದು ರಾತ್ರಿಯ ಬಾಡಿಗೆ, ಮುಂಗಡ, ಹೋಗಿ ಬರುವ ಬಸ್ ಚಾರ್ಜು ಎಲ್ಲ ಸೇರಿದರೆ ಎರಡು ಹಸು ಕಟ್ಟಿಕೊಂಡ ಮನೆಗೆ ಒಂದು ವಾರದ ಬಟವಾಡೆ ಅಲ್ಲಿಗೇ ಸರಿ. ಬಂದ ಉಡುಪೋ, ಹತ್ತು ಊರಿನ ಬೆವರು ಕುಡಿದದ್ದು. ಹುಕ್ಕು ಇರುವ ಕಡೆ ಪಿನ್ನು, ಜರಿ ಇರುವ ಕಡೆ ನೂಲು. ಒಂದು ವರ್ಷ ಒಂಬತ್ತು ಹುಡುಗಿಯರ ನೃತ್ಯಕ್ಕೆ ಏಳೇ ಜನ ನಿಂತರು. ಮಿಕ್ಕ ಇಬ್ಬರೂ ಎರಡು ತಿಂಗಳು ಅಭ್ಯಾಸ ಮಾಡಿದವರೇ. ದುಡ್ಡು ಕಟ್ಟುವ ದಿನ ಬಂದಾಗ "ನಮಗೆ ಇಷ್ಟ ಇಲ್ಲ ಮಿಸ್" ಅಂದರಂತೆ. ಅಪ್ಪ ಅಮ್ಮನ ಮರ್ಯಾದೆ ಉಳಿಸಲು ಮಕ್ಕಳು ಎಷ್ಟು ಬೇಗ ಸುಳ್ಳು ಕಲಿಯುತ್ತವೆ ನೋಡಿ. ಆ ಇಬ್ಬರಲ್ಲಿ ಒಬ್ಬಳು ನಮ್ಮ ತಂಡದವರ ಮಗಳೇ.

ಮಾರನೆಯ ವರ್ಷ ಹಳೆ ಸೀರೆ ಕೂಡಿಸಿ ನಾವೇ ಹೊಲಿಯಲು ಕೂತೆವು. "ಹಳೆ ಸೀರೆ ಹರಿದು ಭರತನಾಟ್ಯಕ್ಕೆ ಹೊಲಿಯುತ್ತಾರಂತೆ" ಎಂದು ನಕ್ಕವರಿದ್ದಾರೆ. ಆದರೆ ಹೊಲಿದ ಉಡುಪೇ ಬಹಳ ಹಳೆಯದೇನಲ್ಲ. ಹಿಂದೆ ಪೈಜಾಮದ ಮೇಲೆ ಸೀರೆಯನ್ನೇ ಸುತ್ತಿ ಉಟ್ಟು ಕುಣಿಯುತ್ತಿದ್ದರು. 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ಅವರು ಕುಣಿತದ ಜೊತೆಗೆ ಉಡುಪಿನ ಬಗ್ಗೆಯೂ ಯೋಚನೆ ಮಾಡಿದರು, ನೇಯ್ಗೆಯನ್ನೂ ಅಲ್ಲೇ ಶುರು ಮಾಡಿಸಿದರು. ಈಗಲೂ ಒಳ್ಳೆಯ ಉಡುಪು ಎಂದರೆ ಒಂದು ರೇಷ್ಮೆ ಸೀರೆಯನ್ನು ಕತ್ತರಿಸಿ ಹೊಲಿದದ್ದೇ.

ತೊಂದರೆ ಎಲ್ಲಿ ಬಂತು ಅಂದರೆ, ಕಂಚಿ ಸೀರೆಗೆ ಅದರದೇ ಮೈಕಟ್ಟು ಇದೆ. ನೂಲು ದಪ್ಪ, ಅಂಚಿನ ಜರಿ ತೂಕ. ನೆರಿಗೆ ಹಿಡಿದರೆ ಹಿಡಿದ ಹಾಗೇ ಕೂರುತ್ತದೆ, ಮಂಡಿ ಬಿಚ್ಚಿದಾಗ ಮುಂದಿನ ಬೀಸಣಿಗೆ ತಾನಾಗಿ ಅರಳುತ್ತದೆ. ನಮಗೆ ಸಿಕ್ಕಿದ್ದು ಮದುವೆಮನೆಯಲ್ಲಿ ಉಡುಗೊರೆ ಬಂದ ಸಿಂಥೆಟಿಕ್ ಸೀರೆ, ಹಳೆ ಹತ್ತಿ ಸೀರೆ. ನೆರಿಗೆ ಹಿಡಿದು ಕೈಬಿಟ್ಟರೆ ಒದ್ದೆ ಕೋಳಿ ಹಾಗೆ ಜೋತುಬೀಳುತ್ತಿತ್ತು. ಅದನ್ನು ನಿಲ್ಲಿಸುವುದು ಹೇಗೆ?

ಮೊದಲು ಕೈ ಹೋದದ್ದು ಗಂಜಿಗೆ. ಕಲಗಚ್ಚಿಗೆ ಸುರಿಯುವ ಗಂಜಿಯನ್ನೇ ಬಸಿದು, ತೆಳುಬಟ್ಟೆಯಲ್ಲಿ ಸೋಸಿ, ಬಟ್ಟೆ ಅದ್ದಿದೆವು. ಸೋಸದೆ ಹಾಕಿದರೆ ಅಗುಳು ಅಂಟಿ ಗಂಟುಗಂಟಾಗುತ್ತದೆ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಹಿಂಡಿ ಆಮೇಲೆ ಗಂಜಿಗೆ ಹಾಕಬೇಕು, ಆಗ ಎಲ್ಲ ಕಡೆ ಸಮವಾಗಿ ಹಿಡಿಯುತ್ತದೆ. ಪೂರ್ತಿ ಒಣಗಲು ಬಿಡದೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ಕಪ್ಪು, ನೀಲಿಯಂಥ ಗಾಢ ಬಣ್ಣಕ್ಕೆ ಅಕ್ಕಿ ಗಂಜಿ, ಮೈದಾ ಗಂಜಿ ಬಿಳಿ ಕಲೆ ಬಿಡುತ್ತವೆ. ಅದಕ್ಕೆ ಸಬ್ಬಕ್ಕಿ ಗಂಜಿ ವಾಸಿ. ಇಷ್ಟೆಲ್ಲ ಹತ್ತಿಗೆ ಮಾತ್ರ. ಸಿಂಥೆಟಿಕ್ ಬಟ್ಟೆ ಗಂಜಿ ಕುಡಿಯುವುದಿಲ್ಲ, ಮೇಲೆ ಕೂತು ಪುಡಿಪುಡಿಯಾಗಿ ಉದುರುತ್ತದೆ.

ಗಂಜಿ ಹಾಕಿ ಬೇಲಿ ಮೇಲೆ ಒಣಗಿಸಿದ್ದ ದಾವಣಿ ಒಂದನ್ನು ಕರು ಮೊಳದುದ್ದ ಜಗಿದುಬಿಟ್ಟಿತ್ತು. ಅದಕ್ಕೇನು ಗೊತ್ತು, ಕಲಗಚ್ಚಿನ ವಾಸನೆ ಬಂತು, ತಿಂತು! ಇಲಿ, ಜಿರಲೆಗೂ ಗಂಜಿ ಬಟ್ಟೆ ಇಷ್ಟ. ಆದ್ದರಿಂದ ಹಬ್ಬ ಮುಗಿದ ಮೇಲೆ ಗಂಜಿ ತೊಳೆದೇ ಪೆಟ್ಟಿಗೆಗೆ ಇಡಬೇಕು. ಪುಸ್ತಕ ರಟ್ಟು ಕಟ್ಟುವವರು ಹುಳ ಬರದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ನೀವೂ ಹಾಕಿ ಎಂದು ಒಬ್ಬರು ಸಲಹೆ ಕೊಟ್ಟರು. ಅದು ವಿಷ. ಮಕ್ಕಳ ಮೈಗೆ ತಾಗುವ ಬಟ್ಟೆಗೆ ಖಂಡಿತ ಬೇಡ.

ಹುಣಸೆ ಬೀಜದ ಗಂಜಿಯನ್ನೂ ಮಾಡಿ ನೋಡಿದೆವು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಬೇಕು. ಕಂಬಳಿ ನೇಯುವವರು ಉಣ್ಣೆ ನೂಲಿಗೆ ಬಳಿಯುವುದು ಇದನ್ನೇ. ಹೊಸ ಕಂಬಳಿ ಸೆಟೆದಿರುವುದು ಅದರಿಂದಲೇ. ಅಕ್ಕಿ ಗಂಜಿಗಿಂತ ಇದು ಬಿಗಿ. ಮೈಗೆ ಚುಚ್ಚುವುದರಿಂದ ಕಿರೀಟ, ಭುಜಕೀರ್ತಿಯಂಥ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಈಗ ಹೇಳಲು ಕಷ್ಟವಾದ ಮಾತು. ಆ ಮೊದಲ ವರ್ಷ ಉಡುಪೆಲ್ಲ ಚೆನ್ನಾಗಿ ಸೆಟೆದು ನಿಂತಿತು. ನೋಡಿದವರು ಪೇಟೆಯದಕ್ಕಿಂತ ಚೆನ್ನಾಗಿದೆ ಎಂದರು. ನಮಗೂ ಜಂಬ. ಪೈಜಾಮಕ್ಕೂ ಬಿಡದೆ ಗಂಜಿ ಹಾಕಿದ್ದೆವು. ವೇದಿಕೆ ಮೇಲೆ ಮೂರನೆಯ ನಿಮಿಷಕ್ಕೋ ನಾಲ್ಕಕ್ಕೋ, ಮುಂದಿನ ಸಾಲಿನ ಹುಡುಗಿ ಅರೆಮಂಡಿಯಲ್ಲಿ ಕೂತದ್ದೇ ತಡ, ಹಿಂದಿನ ಹೊಲಿಗೆಯ ಪಕ್ಕದಲ್ಲಿ ಬಟ್ಟೆಯೇ ಪರ್ರೆಂದು ಸೀಳಿತು. ಊರೆಲ್ಲ ಕೂತಿತ್ತು. ಹಿಂದೆ ಕೂತಿದ್ದ ಹುಡುಗರು ನಕ್ಕರು. ಮಗು ಎರಡೂ ಕೈ ಹಿಂದಕ್ಕೆ ಹಿಡಿದುಕೊಂಡು ಇಳಿದು ಓಡಿಹೋಯಿತು. ಹಾಡು ಮುಗಿಯುವವರೆಗೆ ಅವಳ ಜಾಗ ಖಾಲಿ ಇತ್ತು. ಅವಳ ತಾಯಿ ನಮಗೆ ಒಂದು ಮಾತೂ ಅನ್ನಲಿಲ್ಲ. ಮಾರನೆಯ ದಿನ ಡೈರಿ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ನಿಂತಿದ್ದರು. ಬೈದಿದ್ದರೆ ವಾಸಿಯಿತ್ತು.

ಹರಿದ ಪೈಜಾಮವನ್ನು ತಂದು ಬಿಚ್ಚಿ ನೋಡಿದೆವು. ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಹೋಗಿತ್ತು. ಹತ್ತು ವರ್ಷ ಉಟ್ಟು ಒಗೆದ ಸೀರೆ, ಸಣ್ಣದಾಗಿ ಸವೆದಿತ್ತು. ಅದಕ್ಕೆ ಗಂಜಿ ಹಾಕಿದ್ದರಿಂದ ಕೈಗೆ ಹೊಸ ಬಟ್ಟೆಯ ಹಾಗೆ ಸಿಕ್ಕಿತು, ನಾವು ಮೋಸ ಹೋದೆವು. ಸೆಟೆದು ನಿಲ್ಲುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ಗಂಜಿ ಬಟ್ಟೆಯನ್ನು ನಿಲ್ಲಿಸುತ್ತದೆ, ಅದಕ್ಕೆ ಬಲ ಕೊಡುವುದಿಲ್ಲ. ಸೆಟೆದ ಬಟ್ಟೆ ಮೈ ಬಾಗಿದಾಗ ತಾನು ಜಗ್ಗುವುದೂ ಇಲ್ಲ. ಸವೆದ ಎಳೆಯ ಮೇಲೆ ಎಲ್ಲ ಎಳೆತ ಒಂದೇ ಕಡೆ ಬಿದ್ದು ಸೀಳುತ್ತದೆ. ಅಲ್ಲದೆ ಬೆವರು ತಾಗಿದ ಕಡೆ ಗಂಜಿ ಕರಗಿ ಅಂಟಂಟಾಗುತ್ತದೆ. ಅಂದಿನಿಂದ ಹೊಸದು ಹೊಲಿಯುವ ಮೊದಲು ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತೇವೆ. ಎಳೆಗಳ ಮಧ್ಯೆ ಬೆಳಕು ಜಾಲರಿಯಂತೆ ಕಂಡರೆ ಅದು ಎಳೆತ ಬೀಳುವ ಜಾಗಕ್ಕೆ ಬೇಡ.

ಎಳೆತ ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಮಕ್ಕಳನ್ನು ಕರೆದು ಕುಣಿಸಿಯೇ ನೋಡಬೇಕಾಯಿತು. ನಿಂತಾಗ ಅಳತೆ ತೆಗೆದರೆ ಸಾಲದು ಕಣ್ರೀ. ಅರೆಮಂಡಿಯಲ್ಲಿ ಮಂಡಿ ಎರಡೂ ಪಕ್ಕಕ್ಕೆ ಹೋಗುತ್ತವೆ, ಆಗ ಬಟ್ಟೆ ಹಿಂದೆ ಮತ್ತು ತೊಡೆಯ ಒಳಗಡೆ ಜಗ್ಗುತ್ತದೆ. ಕೈ ಮೇಲೆತ್ತಿದಾಗ ಕಂಕುಳಲ್ಲಿ. ಉಸಿರು ತುಂಬಿದಾಗ ಬೆನ್ನಿನ ಹುಕ್ಕಿನಲ್ಲಿ. ಪೈಜಾಮದ ಎರಡು ಕಾಲು ಕೂಡುವ ಕಡೆ ನಾಲ್ಕು ಮೂಲೆಯ ಒಂದು ತುಂಡು ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಸೇರಿಸುತ್ತೇವೆ. ಓರೆಯಲ್ಲಿ ಕತ್ತರಿಸಿದ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಮಂಡಿ ಬಿಚ್ಚಲು ಜಾಗ ಕೊಡುತ್ತದೆ. ಕಂಕುಳಿಗೂ ಅಂಥದೇ ಚಿಕ್ಕ ತುಂಡು. ಹಿಂದಿನ ಹೊಲಿಗೆಗೆ ಎರಡು ಸಾಲು ಹಾಕಿ, ಒಳಗಡೆ ಹತ್ತಿಯ ನಾಡಾ ಪಟ್ಟಿ ಇಟ್ಟು ಅದರ ಮೇಲೆ ಹೊಲಿಯುತ್ತೇವೆ. ಈ ಒಳಪಟ್ಟಿ ಯಾರ ಕಣ್ಣಿಗೂ ಕಾಣುವುದಿಲ್ಲ. ಹುಕ್ಕು ಹೊಲಿಯುವ ಕಡೆ ಹಿಂದೆ ಎರಡು ಮಡಿಕೆ ಗಟ್ಟಿ ಬಟ್ಟೆ ಇರಲೇಬೇಕು. ಇಲ್ಲದಿದ್ದರೆ ಹುಕ್ಕು ಉಳಿಯುತ್ತದೆ, ಬಟ್ಟೆ ಕಿತ್ತು ಬರುತ್ತದೆ. ಪೈಜಾಮಕ್ಕೆ ಈಗ ಹೊಸ ಹತ್ತಿ ಬಟ್ಟೆಯನ್ನೇ ತರುತ್ತೇವೆ. ಹಳೆ ಸೀರೆ ಮೇಲಿನ ಅಂದಕ್ಕೆ ಮಾತ್ರ.

ಆ ಹುಡುಗಿ ಈಗ ಪಿ.ಯು.ಸಿ. ಓದುತ್ತಿದ್ದಾಳೆ. ಎಷ್ಟು ಕರೆದರೂ ಮತ್ತೆ ಕುಣಿಯಲಿಲ್ಲ. ಆದರೆ ಎರಡು ವರ್ಷದಿಂದ ಹಬ್ಬದ ಹಿಂದಿನ ವಾರ ನಮ್ಮ ಕೋಣೆಗೆ ಬರುತ್ತಾಳೆ. ಪ್ರತಿ ಮಗುವಿಗೂ ಉಡುಪು ತೊಡಿಸಿ "ಕೂತ್ಕೋ, ಇನ್ನೂ ಕೆಳಗೆ ಕೂತ್ಕೋ" ಎಂದು ಅರೆಮಂಡಿ ಹಾಕಿಸಿ, ಹಿಂದೆ ಮುಂದೆ ಕೈಯಾಡಿಸಿ ನೋಡುತ್ತಾಳೆ. ಅವಳು ಒಪ್ಪದೆ ಒಂದು ಉಡುಪೂ ಕೋಣೆಯಿಂದ ಹೊರಗೆ ಹೋಗುವುದಿಲ್ಲ.

ನಿಲ್ಲಿಸುವ ಕೆಲಸಕ್ಕೆ ಈಗ ಗಂಜಿಗಿಂತ ಪೇಸ್ಟಿಂಗ್ ಕ್ಯಾನ್ವಾಸನ್ನೇ ಹೆಚ್ಚು ಬಳಸುತ್ತೇವೆ. ಕಾಲರಿಗೆ ಹಾಕುತ್ತಾರಲ್ಲ, ಅದೇ. ಒಂದು ಮಗ್ಗುಲಲ್ಲಿ ಸಣ್ಣ ಅಂಟಿನ ಚುಕ್ಕೆ ಇರುತ್ತವೆ, ಬೆರಳಿಗೆ ತರಿತರಿ ಸಿಗುತ್ತದೆ. ಆ ಮಗ್ಗುಲು ಬಟ್ಟೆಯ ಹಿಂಬದಿಗೆ ತಾಗಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬಾರದು. ಒತ್ತಿ ಹತ್ತು ಎಣಿಸಿ, ಎತ್ತಿ, ಪಕ್ಕದಲ್ಲಿಟ್ಟು ಮತ್ತೆ ಒತ್ತಬೇಕು. ಆರುವವರೆಗೆ ಅಲುಗಾಡಿಸಬಾರದು. ಹತ್ತಿ ಬಟ್ಟೆಯಾದರೆ ಮೊದಲೇ ಒಗೆದು ಕುಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಗುಳ್ಳೆಗುಳ್ಳೆ ಏಳುತ್ತದೆ. ಸಿಂಥೆಟಿಕ್ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ. ನಾವು ಒಂದು ಸೆರಗು ಕರಗಿಸಿಕೊಂಡೇ ಇದನ್ನು ಕಲಿತದ್ದು. ಕ್ಯಾನ್ವಾಸನ್ನು ಹೊಲಿಗೆಗೆ ಬಿಟ್ಟ ಬಟ್ಟೆಯಷ್ಟು ಒಳಗೆ ಕತ್ತರಿಸಿದರೆ ಮಡಿಕೆ ದಪ್ಪವಾಗುವುದಿಲ್ಲ, ಸೂಜಿ ಮುರಿಯುವುದಿಲ್ಲ.

ಎಲ್ಲ ಕಡೆ ಕ್ಯಾನ್ವಾಸು ಹಾಕಿದರೆ ಮಗು ರಟ್ಟಿನ ಡಬ್ಬದಲ್ಲಿ ಕುಣಿದ ಹಾಗೆ ಕಾಣುತ್ತದೆ. ಸೊಂಟದ ಪಟ್ಟಿ, ಬೀಸಣಿಗೆಯ ಅಂಚು, ಹಿಂದಿನ ಸೊಂಟದ ತುಂಡು, ಇಷ್ಟಕ್ಕೇ ಸಾಕು. ಬೀಸಣಿಗೆಗೆ ಹಳೆ ಸೀರೆಯ ಜರಿ ಅಂಚೇ ಒಳ್ಳೆಯ ಕ್ಯಾನ್ವಾಸು. ನೆರಿಗೆ ಹಿಡಿದ ಮೇಲೆ ಹಿಂದೆ ಎರಡು ಮೂರು ಕಡೆ ನಾಡಾ ಪಟ್ಟಿಯನ್ನು ಅಡ್ಡ ಇಟ್ಟು ಪ್ರತಿ ನೆರಿಗೆಯ ಬೆನ್ನಿಗೆ ಒಂದೊಂದು ಟಾಕು ಹಾಕಬೇಕು. ಪಟ್ಟಿ ನೆರಿಗೆ ನೆರಿಗೆಯ ಮಧ್ಯೆ ಸಡಿಲವಾಗಿರಲಿ. ಬಿಗಿಯಾದರೆ ಬೀಸಣಿಗೆ ಬಿಚ್ಚುವುದೇ ಇಲ್ಲ, ತೀರ ಸಡಿಲವಾದರೆ ಮುಚ್ಚುವುದಿಲ್ಲ. ಇದಕ್ಕೆ ಅಳತೆ ಹೇಳಲು ಬರುವುದಿಲ್ಲ. ಮಗುವಿಗೆ ತೊಡಿಸಿ ನೋಡಿ ಟಾಕು ಬಿಚ್ಚಿ ಮತ್ತೆ ಹಾಕುವುದೇ ದಾರಿ.

ಡಾಬಿಗೆ ಬಕ್ರಂ ಬೇಕು, ಎರಡು ಪದರ. ಲಂಗದ ಕೆಳ ಅಂಚು ಅಲೆ ಅಲೆಯಾಗಿ ನಿಲ್ಲಬೇಕಾದರೆ ಮಡಿಕೆಯೊಳಗೆ ಮೀನಿನ ಗಾಳದ ನೈಲಾನ್ ದಾರ ಓಡಿಸಿದರೆ ಸಾಕು. ನವಿಲಿನ ಗರಿ, ಚಿಟ್ಟೆಯ ರೆಕ್ಕೆಗೆ ತೆಂಗಿನ ಗರಿಯ ಕಡ್ಡಿ ಅಥವಾ ಸೀಳಿದ ಬಿದಿರು. ಚಿಕ್ಕ ಮಕ್ಕಳಿಗೆ ಕಬ್ಬಿಣದ ತಂತಿ ಬೇಡ, ಪಕ್ಕದ ಮಗುವಿನ ಕಣ್ಣು ಇರುತ್ತದೆ. ಕಡ್ಡಿಯ ತುದಿಗೂ ಬಟ್ಟೆ ಸುತ್ತಿ ಕಟ್ಟಿ. ಕಿರೀಟಕ್ಕೆ ಹಳೆ ಹತ್ತಿ ಸೀರೆಯ ಪಟ್ಟಿಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಅದ್ದಿ ಮಡಕೆಯ ಮೇಲೆ ಒಂದು ಪದರ ಉದ್ದ, ಒಂದು ಪದರ ಅಡ್ಡ ಹಚ್ಚಿ, ಪ್ರತಿ ಪದರವನ್ನೂ ಒಣಗಿಸಬೇಕು. ಬರೀ ಕಾಗದಕ್ಕಿಂತ ಬಟ್ಟೆ ಬಾಳಿಕೆ. ಕಿರೀಟದ ಒಳಗೆ, ಹಣೆ ತಾಗುವ ಕಡೆ ಮೆತ್ತನೆ ಬಟ್ಟೆ ಮರೆಯಬೇಡಿ. ಯಕ್ಷಗಾನದವರ ಮುಂಡಾಸನ್ನು ನೋಡಿ, ಪ್ರತಿ ಸಲವೂ ವೇಷಧಾರಿಯ ತಲೆಯ ಮೇಲೇ ಹೊಸದಾಗಿ ಬಟ್ಟೆ ಸುತ್ತಿ ಕಟ್ಟುತ್ತಾರೆ. ರಾತ್ರಿಯೆಲ್ಲ ಕುಣಿದರೂ ನಿಲ್ಲುವುದು ಕಟ್ಟಿನ ಬಿಗಿಯಿಂದ. ನಮಗೆ ಆ ಕೈಚಳಕ ಇಲ್ಲ, ಆದರೆ ಕಿರೀಟಕ್ಕೆ ಹಿಂದಿನಿಂದ ಲಾಡಿ ಕಟ್ಟುವ ಬುದ್ಧಿ ಬಂದದ್ದು ಅದನ್ನು ನೋಡಿಯೇ.

ಈಗ ಮೊಬೈಲಿನಲ್ಲಿ ಎಲ್ಲ ತೋರಿಸುತ್ತಾರೆ, ಬಿಸಿ ಅಂಟಿನ ಗನ್ನಿನಿಂದ ಐದು ನಿಮಿಷಕ್ಕೆ ಉಡುಪು. ಒಂದು ರಾತ್ರಿಗಾದರೆ ಆಗಬಹುದು. ಪೆಟ್ಟಿಗೆಯಲ್ಲಿಟ್ಟು ಮುಂದಿನ ವರ್ಷ ತೆಗೆದರೆ ಮಣಿ ಒಂದು ಕಡೆ, ಪಟ್ಟಿ ಒಂದು ಕಡೆ. ನಮ್ಮ ಉಡುಪು ಒಬ್ಬರದಲ್ಲ, ಅಕ್ಕ ತೊಟ್ಟದ್ದನ್ನು ತಂಗಿ, ತಂಗಿ ತೊಟ್ಟದ್ದನ್ನು ಪಕ್ಕದ ಬೀದಿಯವಳು ತೊಡಬೇಕು. ಅದಕ್ಕೇ ಎಲ್ಲದರಲ್ಲೂ ಎರಡೆರಡು ಅಂಗುಲ ಬಟ್ಟೆ ಒಳಗೆ ಬಿಟ್ಟೇ ಹೊಲಿದಿದ್ದೇವೆ.

ಉಡುಪಿನ ಪೆಟ್ಟಿಗೆ ಸಂಘದ ಕಚೇರಿಯ ಹಿಂದಿನ ಕೋಣೆಯಲ್ಲಿದೆ. ಬಾಡಿಗೆ ಇಲ್ಲ. ತೆಗೆದುಕೊಂಡವರು ಒಗೆದು ಒಣಗಿಸಿ ಹಿಂದಿರುಗಿಸಬೇಕು, ಹರಿದಿದ್ದರೆ ಹರಿದಿದೆ ಎಂದು ಹೇಳಿ ಕೊಡಬೇಕು, ಅಷ್ಟೇ. ಹಳೆ ಸೀರೆ ಇರುವವರು ಬಟವಾಡೆಯ ದಿನ ತಂದುಕೊಡಿ. ಮಧ್ಯೆ ಹರಿದಿದ್ದರೂ ಚಿಂತೆಯಿಲ್ಲ, ಅಂಚು ಚೆನ್ನಾಗಿದ್ದರೆ ಸಾಕು. ಈ ವರ್ಷ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದಾರೆ, ನಮ್ಮ ಬಳಿ ಹನ್ನೊಂದು ಉಡುಪು ಇವೆ. ಮಿಷನ್ ತುಳಿಯಲು ಬರುವವರು ಸಂಜೆ ಹಾಲು ಹಾಕಿ ಹಾಗೇ ಕೋಣೆಗೆ ಬಂದರೆ ಉಪಕಾರ.